ವಸಂತದ ಕರಾವಳಿಯಲ್ಲಿ ಕೈಕೆಲಸದ ರಜೆ

ಪರೀಕ್ಷೆ ಮುಗಿಯುವ ಹೊತ್ತಿಗೆ ಉತ್ತರ ಕನ್ನಡದ ಕರಾವಳಿಯಲ್ಲಿ ಗೇರುಹಣ್ಣಿನ ಘಮ, ಮೈ ಬೇಯಿಸುವ ಸೆಕೆ. ರಜೆಗೆ ಬಂದವರಲ್ಲಿ ಮುರುಡೇಶ್ವರ, ಯಾಣ ನೋಡಿ ಮರಳುವವರೇ ಹೆಚ್ಚು. ಆದರೆ ಈ ಸೀಮೆಯ ವಸಂತ ಬರೀ ನೋಡುವಂಥದ್ದಲ್ಲ, ಮಾಡಿ ತಿಳಿಯುವಂಥದ್ದು.

ಭಟ್ಕಳದಲ್ಲಿ ಬಾಳೆನಾರಿಗೆ ಮಲ್ಲಿಗೆ ಮೊಗ್ಗು ಪೋಣಿಸುವ ಬೆರಳುಗಳಿಗೆ ಬಿಡುವಿಲ್ಲ. ಪಕ್ಕದಲ್ಲಿ ಕುಳಿತು ಕಲಿಯುವ ಮಗುವಿನ ಮೊದಲ ಮಾಲೆ ಸಡಿಲಾಗಿ ಮೊಗ್ಗು ಉದುರುತ್ತವೆ. ಒಂದು ಮೊಳ ಹೂವಿನ ಬೆಲೆ ತಿಳಿಯುವುದು ಆಗಲೇ.

ಹೊನ್ನಾವರ ತಾಲ್ಲೂಕಿನ ಗುಣವಂತೆ, ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಯಕ್ಷಗಾನ ಮಂಡಳಿಯ ನೆಲೆ. ಚೆಂಡೆ ಕೇಳಿದರೆ ಯಾರ ಕಾಲಾದರೂ ಕುಣಿದೀತು. ತಾಳಕ್ಕೆ ಹೆಜ್ಜೆ ಕೂಡಿಸಲು ಮಾತ್ರ ವರ್ಷಗಳ ಅಭ್ಯಾಸ ಬೇಕು.

ಕುಮಟಾ ತಾಲ್ಲೂಕಿನ ಸಾಣಿಕಟ್ಟಾದ ಉಪ್ಪಿನ ಆಗರಗಳಿಗೆ ಅಘನಾಶಿನಿ ಅಳಿವೆಯಿಂದ ಭರತದ ನೀರು ಬರುತ್ತದೆ. ಬಿಸಿಲಿಗೆ ನೀರು ಆರಿ ಹರಳು ಮೂಡುತ್ತದೆ. ಕೆಲಸಗಾರರು ಸುಡುಬಿಸಿಲಲ್ಲಿ ನಿಂತು ಅದನ್ನು ಬಾಚಿ ರಾಶಿ ಹಾಕುತ್ತಾರೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಬಾಷ್ಪೀಕರಣ ಇಲ್ಲಿ ಕಣ್ಣೆದುರೇ ನಡೆಯುತ್ತದೆ. ಮಳೆ ಬಿದ್ದರೆ ಆ ವರ್ಷದ ಕೆಲಸ ಮುಗಿಯಿತು.

ತಂದೆತಾಯಿಗಳು ಬಿಸಿಲಿಗೆ ಅಂಜದೆ, ಅಲ್ಲಿನವರ ಒಪ್ಪಿಗೆ ಕೇಳಿ, ಮಕ್ಕಳನ್ನು ಒಂದು ದಿನ ಆಗರದ ಬದುವಿನ ಮೇಲೆ ನಡೆಸಲಿ. ಮುಂದೆ ಊಟದೆಲೆಯ ತುದಿಗೆ ಉಪ್ಪು ಬಿದ್ದಾಗ, ಅದನ್ನು ಬಾಚಿದ ಕೈ ಅವರಿಗೆ ನೆನಪಾದೀತು.