ಪಿತ್ತವೆಂಬ ಹೆಸರು

ನಮ್ಮ ಹೆಂಗಸರಲ್ಲಿ ತಲೆಸುತ್ತಿಗೆಲ್ಲ ಒಂದೇ ಹೆಸರು, ಪಿತ್ತ. ಅಟ್ಟೂರಿನ ನಮ್ಮ ಮನೆಯಲ್ಲಿ ಎಪ್ಪತ್ತೆಂಟು ದಾಟಿದ ಅತ್ತೆಯದೂ ಇದೇ ಮಾತು. ಮಂಚ ಬಿಟ್ಟೆದ್ದೊಡನೆ ತೂರಾಡಿ ಗೋಡೆ ಹಿಡಿದುಕೊಂಡು, "ಏನಿಲ್ಲ ಕಣೇ, ಪಿತ್ತ. ನಿಂಬೆಹಣ್ಣಿನ ಪಾನಕ ಮಾಡು" ಎನ್ನುವರು. ಅವರ ಅಕ್ಕನೂ ಹೀಗೇ ಪಾನಕ ಕುಡಿಯುತ್ತಿದ್ದವರು. ಒಂದು ಬೆಳಗ್ಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಓಡಾಡಲೇ ಇಲ್ಲ.

ಯಲಹಂಕದಲ್ಲಿ ನಾವು ತೋರಿಸುವ ಡಾಕ್ಟರು ಅತ್ತೆಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿ.ಪಿ. ನೋಡಿದರು. ಮೇಲಿನ ಅಂಕಿ 20ಕ್ಕೂ ಹೆಚ್ಚು ಇಳಿದಿತ್ತು. ಎದ್ದು ನಿಂತಾಗ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹೊಟ್ಟೆ, ಕಾಲುಗಳತ್ತ ಇಳಿಯುತ್ತದಂತೆ. ಪ್ರಾಯದಲ್ಲಿ ಕತ್ತಿನ ರಕ್ತನಾಳದ ನರಗಳು ಕೂಡಲೇ ಸುದ್ದಿ ಕೊಟ್ಟು ಹೃದಯವನ್ನು ಚುರುಕುಗೊಳಿಸುತ್ತವೆ. ವಯಸ್ಸಾದಂತೆ ನಾಳ ಗಡುಸಾಗಿ ಸುದ್ದಿ ತಡವಾಗುತ್ತದೆ. ಮಿದುಳೋ, ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿದ್ದುಕೊಂಡು ಆಮ್ಲಜನಕದಲ್ಲಿ ಐದರಲ್ಲೊಂದು ಪಾಲು ಬೇಕೆನ್ನುವ ಜಾತಿ! ಅರೆಗಳಿಗೆ ರಕ್ತ ಕಡಿಮೆಯಾದರೂ ಆಯ ತಪ್ಪುತ್ತದೆ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮಿದುಳಿನ ಮುಪ್ಪನ್ನು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು ವರ್ಷಗಳಿಂದ ಗಮನಿಸುತ್ತಿದ್ದಾರೆ. ನಮ್ಮ ಮನೆಯ ಮುಪ್ಪನ್ನು ಗಮನಿಸುವ ಕೆಲಸ ಸೊಸೆಯದು.

ಬಿ.ಪಿ. ಮಾತ್ರೆಯೂ ಕಾರಣವಿರಬಹುದೆಂದು ಡಾಕ್ಟರು ಅದರ ಅಳತೆ ಬದಲಿಸಿದರು. ನಾವಾಗಿಯೇ ನಿಲ್ಲಿಸಬಾರದೆಂದೂ ಹೇಳಿದರು. ಏಳುವ ಮುಂಚೆ ಮಂಚದ ಅಂಚಿಗೆ ಕೂತು ಪಾದಗಳನ್ನು ಆಡಿಸಬೇಕು, ಆಗ ಮೀನಖಂಡ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಇದಕ್ಕೆಲ್ಲ ಅತ್ತೆಯ ಒಪ್ಪಿಗೆಯಿದೆ, ಕೋಲೊಂದನ್ನು ಬಿಟ್ಟು. "ಕೆರೆ ಸುತ್ತೋಕೆ ಬರೋ ಗಂಡಸರ ಎದುರಿಗೆ ಕೋಲೂರಿಕೊಂಡು ಹೋಗ್ಲಾ?" ಎಂದರು. ರಂಗೋಲಿ ಹಾಕಿ ಏಳುವಾಗ ಮಾತ್ರ ಗೇಟು ಹಿಡಿಯುತ್ತಾರೆ, ಬೀದಿಯಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು.