ಅಪ್ಪನ ಕಾರು, ಭಾಗ 4: ಫ್ಲೈವೀಲ್ ಮೇಲಿನ ನೀಲಿ ಕಲೆ

ಫೋಟೋದಲ್ಲಿ ಕಾಣ್ತಿರೋ ಈ ಕಬ್ಬಿಣದ ಚಕ್ರ ನಮ್ಮ ಹಳೇ ಮಾರುತಿ 800ರ ಫ್ಲೈವೀಲ್. ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಬಿಚ್ಚಿದ ಮೇಲಷ್ಟೇ ಇದರ ಮುಖ ಕಾಣೋದು. ಆ ನೀಲಿ ಕಲೆಗಳನ್ನ ನೋಡಿ. ತುಕ್ಕಲ್ಲ, ಸುಟ್ಟ ಗುರುತು. ಏರು ರಸ್ತೆಯಲ್ಲಿ ಬ್ರೇಕ್ ಹಿಡಿಯದೆ ಹಾಫ್ ಕ್ಲಚ್‌ನಲ್ಲೇ ಗಾಡಿ ನಿಲ್ಲಿಸ್ತೀವಲ್ಲ, ಆಗ ಕ್ಲಚ್ ಪ್ಲೇಟ್ ಇದಕ್ಕೆ ಉಜ್ಜಿ ಉಜ್ಜಿ ಕಾಯಿಸುತ್ತೆ. ಆಮೇಲೆ ಫಸ್ಟ್ ಗೇರ್‌ನಲ್ಲಿ ಗಾಡಿ ಗಡಗಡ ನಡುಗುತ್ತೆ.

"ಯಾರು ಸಾರ್ ಹಿಂಗೆ ಓಡ್ಸಿದ್ದು?" ಅಂದ್ರು ಮೆಕ್ಯಾನಿಕ್.

ಅಪ್ಪ ನನ್ನ ಕಡೆ ನೋಡ್ಲೇ ಇಲ್ಲ. "ನಾನೇ" ಅಂದ್ರು.

ಪುಣ್ಯಕ್ಕೆ ಬಿರುಕು ಬಿಟ್ಟಿರಲಿಲ್ಲ. ಬಿಟ್ಟಿದ್ರೆ ಹೊಸದೇ ಹಾಕಿಸಬೇಕಿತ್ತು. ಲೇತ್‌ಗೆ ಕೊಟ್ಟು ಮೇಲಿನ ತೆಳು ಪದರ ಹೆರೆಸಿದ್ವಿ. ಸುತ್ತಲಿನ ರಿಂಗ್‌ನ ಹಲ್ಲುಗಳು ಮೂರು ಕಡೆ ಹೆಚ್ಚು ಸವೆದಿದ್ವು. ಮೂರು ಸಿಲಿಂಡರ್ ಇಂಜಿನ್ ಆಫ್ ಆದಾಗ ಹೆಚ್ಚಾಗಿ ಆ ಮೂರರಲ್ಲೇ ಒಂದು ಕಡೆ ನಿಲ್ಲುತ್ತೆ, ಸ್ಟಾರ್ಟರ್ ಪ್ರತಿ ಸಲ ಅಲ್ಲೇ ಕಚ್ಚುತ್ತೆ. ಹೊಸ ರಿಂಗ್ ಕಾಯಿಸಿ ಕೂರಿಸಿದ್ರು. ತಣ್ಣಗಾದ ಮೇಲೆ ಬಿಗಿಯಾಗಿ ಹಿಡ್ಕೊಳ್ತು.

ಈಗ ಏರಲ್ಲಿ ನಿಂತ್ರೆ ಹ್ಯಾಂಡ್‌ಬ್ರೇಕ್ ಎಳೀತೀನಿ. ನೀವೂ ಎಳೀರಿ. ಅಪ್ಪಂಗೆ ಇನ್ನೂ ಸಾರಿ ಹೇಳಿಲ್ಲ. ಇವತ್ತು ಇದನ್ನ ಅವರಿಗೇ ಮೊದಲು ಓದಿ ಹೇಳ್ತೀನಿ.