ಕಗ್ಗದಾಸಪುರದ ಮನೆಯೂ ಚಿರತೆಚುಕ್ಕೆಯ ಮಾರ್ಜಾರವೂ

ಬೆಂಗಳೂರಿನ ಪೂರ್ವಭಾಗದಲ್ಲಿ, ಸಿ. ವಿ. ರಾಮನ್ ನಗರಕ್ಕೆ ಹೊಂದಿಕೊಂಡು ಕಗ್ಗದಾಸಪುರವೆಂಬ ಊರುಂಟು. ಹೆಸರು ಹಳ್ಳಿಯದು, ರೂಪ ಮಾತ್ರ ಪಟ್ಟಣದ್ದು. ಬೈಯಪ್ಪನಹಳ್ಳಿಯಿಂದ ಹೊಸೂರಿನ ಕಡೆಗೆ ಹೋಗುವ ರೈಲುದಾರಿ ಇಲ್ಲಿ ಹಾಯುತ್ತದೆ. ಮುಖ್ಯರಸ್ತೆ ಬಲು ಇಕ್ಕಟ್ಟು. ಇಕ್ಕೆಲಗಳಲ್ಲಿಯೂ ಬಹು ಅಂತಸ್ತಿನ ಮನೆಗಳು ಒತ್ತೊತ್ತಾಗಿ ನಿಂತಿವೆ. ಈ ಗದ್ದಲದ ನಡುವೆ ಊರಿಗೆ ಉಸಿರಿನಂತೆ ಉಳಿದಿರುವುದು ಅದರ ಕೆರೆ. ಸಂಜೆಯ ಹೊತ್ತು ಬೆಳ್ಳಕ್ಕಿಗಳು ಅಲ್ಲಿ ಇಳಿಯುವುದನ್ನು ನೋಡಿದರೆ, ಹಿಂದಣ ಗ್ರಾಮವು ಕಣ್ಣಮುಂದೆ ಸುಳಿದಂತಾಗುತ್ತದೆ.

ಆ ಕೆರೆಗೆ ಎದುರಾದ ಮನೆಯೊಂದರ ಮೂರನೆಯ ಅಂತಸ್ತಿನಲ್ಲಿ ನನ್ನ ತಂಗಿಯ ಮಗಳ ಸಂಸಾರ. ದಂಪತಿಗಳಿಬ್ಬರೂ ಬೆಳಿಗ್ಗೆ ಹೊರಟರೆ ಮರಳುವುದು ದೀಪ ಹಚ್ಚಿದ ಮೇಲೆ. ಹತ್ತು ವರ್ಷದ ಮಗಳು ಶಾಲೆಯಿಂದ ಬಂದರೆ, ಮಂಡಿನೋವಿನ ಅಜ್ಜಿಯೊಬ್ಬರೇ ಜೊತೆ. ಮಗುವಿನ ಬೇಸರ ಕಳೆಯಲೆಂದು, ‘ಬೆಂಗಾಲ್’ ಎಂಬ ಚುಕ್ಕೆಯ ಬೆಕ್ಕನ್ನು ತರಬಹುದೇ ಎಂದು ಅವರು ನನ್ನನ್ನು ಕೇಳಿದರು. ಇಂಥ ಪ್ರಶ್ನೆ ಬೇರೆ ಮನೆಗಳಲ್ಲಿಯೂ ಹುಟ್ಟಬಹುದಾದುದರಿಂದ ವಾಚಕರ ಮುಂದೆ ಅದನ್ನು ವಿಚಾರಿಸುತ್ತೇನೆ.

ಹೆಸರು ಬಂಗಾಳದ್ದಾದರೂ ಈ ತಳಿಯ ಜನ್ಮಭೂಮಿ ಅಮೆರಿಕ. ಏಷ್ಯದ ಕಾಡುಗಳಲ್ಲಿರುವ ಚಿರತೆಬೆಕ್ಕಿಗೆ 1792ರಲ್ಲಿ ಬಂಗಾಳದ ಹೆಸರು ಸೇರಿದ ಶಾಸ್ತ್ರೀಯ ನಾಮ ಬಂದಿತ್ತು. ಕ್ಯಾಲಿಫೋರ್ನಿಯದ ಜೀನ್ ಮಿಲ್ ಎಂಬ ಮಹಿಳೆ 1963ರಲ್ಲಿ ಅದನ್ನು ಸಾಕುಬೆಕ್ಕಿನೊಡನೆ ಕೂಡಿಸಿ ಮರಿ ಪಡೆದರು. 1980ರ ದಶಕದಲ್ಲಿ ಆ ಕಾರ್ಯವನ್ನು ಮರಳಿ ಕೈಗೊಂಡು ತಳಿಯನ್ನು ನೆಲೆಗೊಳಿಸಿದರು. ಆಫ್ರಿಕದ ಸರ್ವಾಲ್ ಬೆಕ್ಕಿನಿಂದ 1986ರಲ್ಲಿ ಹುಟ್ಟಿದ ‘ಸವಾನ’ ಇನ್ನೂ ದೊಡ್ಡದು. ತನ್ನ ದೇಶದ ಸಣ್ಣ ಪ್ರಾಣಿಗಳಿಗೆ ಕೇಡಾದೀತೆಂದು ಆಸ್ಟ್ರೇಲಿಯವು 2008ರಲ್ಲಿ ಇದರ ಆಮದನ್ನೇ ನಿಷೇಧಿಸಿತು.

ಕುದುರೆ ಕತ್ತೆಗಳ ಸಂಕರದಿಂದ ಹುಟ್ಟಿದ ಅಶ್ವತರಕ್ಕೆ ಸಂತಾನವಿಲ್ಲವೆಂಬುದನ್ನು ನಮ್ಮ ಪೂರ್ವಿಕರು ಬಲ್ಲರು. ಈ ಬೆಕ್ಕುಗಳಲ್ಲಿಯೂ ಮೊದಲ ತಲೆಮಾರುಗಳ ಗಂಡುಗಳು ಸಾಮಾನ್ಯವಾಗಿ ಬಂಜೆ. ಸ್ವಭಾವವೂ ಕಾಡಿಗೆ ಹತ್ತಿರ. ನಾಲ್ಕು ತಲೆಮಾರು ದಾಟಿದುದೇ ಸಾಕಲು ತಕ್ಕುದೆಂದು ಬಲ್ಲವರ ಮತ. ನಮ್ಮ ಮಲೆನಾಡಿನಲ್ಲಿಯೂ ಇರುವ ಮೂಲ ಚಿರತೆಬೆಕ್ಕಾದರೋ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿರುವ ಪ್ರಾಣಿ. ಅದನ್ನು ಮನೆಯಲ್ಲಿಡುವುದು ಅಪರಾಧ. ಆದಕಾರಣ ವಂಶಾವಳಿಯನ್ನು ಬರಹದಲ್ಲಿ ತೋರಿಸದ ವ್ಯಾಪಾರಿಯಿಂದ ಮರಿಯನ್ನು ಕೊಳ್ಳಲಾಗದು. ಈ ತಳಿಗೆ ರಕ್ತಹೀನತೆಯನ್ನೂ ಕುರುಡನ್ನೂ ತರುವ ವಂಶಪಾರಂಪರ್ಯದ ರೋಗಗಳುಂಟು. ತಂದೆತಾಯಿಗಳ ಪರೀಕ್ಷೆಯಾಗಿದೆಯೇ ಎಂದೂ ಕೇಳತಕ್ಕುದು.

ಇಷ್ಟೆಲ್ಲ ಸರಿಯಾಗಿದ್ದರೂ ಮುಖ್ಯ ಪ್ರಶ್ನೆ ಉಳಿಯುತ್ತದೆ. ಈ ಬೆಕ್ಕು ಸುಂದರವೇ ಎಂಬುದಲ್ಲ. ಅದಕ್ಕೆ ಕೊಡಲು ಮನೆಯಲ್ಲಿ ಹೊತ್ತುಂಟೇ ಎಂಬುದು. ಇದು ಹತ್ತಬೇಕು, ಹಾರಬೇಕು, ನೀರಿನಲ್ಲಿ ಕೈಯಾಡಿಸಬೇಕು. ದಿನದಿನವೂ ಜೊತೆಗೂಡಿ ಆಡುವವರು ಬೇಕು. ಬರಿಯ ಕೋಣೆಯಲ್ಲಿ ಹಗಲೆಲ್ಲ ಒಂಟಿಯಾಗಿ ಬಿಟ್ಟರೆ ಕೂಗುತ್ತದೆ, ವಸ್ತುಗಳನ್ನು ಕೆಡವುತ್ತದೆ, ಕಂಡಲ್ಲಿ ಮೂತ್ರಮಾಡುತ್ತದೆ. ಹೊರಗೆ ಬಿಡೋಣವೆಂದರೆ ಕೆಳಗೆ ವಾಹನಗಳ ಪ್ರವಾಹ. ಅದನ್ನು ದಾಟಿದರೆ ಕೆರೆಯ ಹಕ್ಕಿಗಳಿಗೆ ಯಮ. ಬಾಲ್ಕನಿಗೆ ಬಲೆ ಕಟ್ಟಿಸದೆ ವಿಧಿಯಿಲ್ಲ. ಆಯುಷ್ಯವೂ ಹನ್ನೆರಡರಿಂದ ಹದಿನಾರು ವರ್ಷ. ಈಗ ಹತ್ತರ ಬಾಲೆ ಕಾಲೇಜು ಮುಗಿಸುವ ವೇಳೆಗೂ ಅದರ ಆರೈಕೆ ತೀರದು.

“ಹಾಗಾದರೆ ಬೇಡವೆನ್ನುತ್ತೀರಾ, ಮಾವ?” ಎಂದು ತಂಗಿಯ ಮಗಳು ಕೇಳಿದಳು.

“ನಾನು ಹೇಳುವುದೇಕಮ್ಮ? ಬೆಕ್ಕು ಬಂದಿದೆಯೆಂದೇ ಭಾವಿಸಿ ಒಂದು ವಾರ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ತೆಗೆದಿಡಿ. ಆ ಹೊತ್ತಿನಲ್ಲಿ ಮಗುವಿನೊಡನೆ ಆಡಿ,” ಎಂದೆ.

ನಾಲ್ಕನೆಯ ದಿನವೇ ಆ ಗಳಿಗೆ ತಪ್ಪಿತು. ದಂಪತಿಗಳು ಸೋಮಾರಿಗಳಲ್ಲ, ಕಚೇರಿಯ ಕೆಲಸವೂ ದಾರಿಯ ದಟ್ಟಣೆಯೂ ಅವರ ಸಂಜೆಯನ್ನು ನುಂಗುತ್ತವೆ. ಆದರೆ ಉಳಿದ ಮೂರು ಸಂಜೆಗಳನ್ನು ಬಾಲೆ ಬಾಯಿತುಂಬ ಹೊಗಳುತ್ತಿದ್ದಳು. ಮಗುವಿನ ಒಂಟಿತನವನ್ನು ಕಳೆಯಲು ಒಂಟಿಯಾಗಿ ಕೊರಗುವ ಇನ್ನೊಂದು ಜೀವವನ್ನು ತರುವುದು ಉಪಾಯವಲ್ಲವೆಂದು ಅವರಿಗೆ ಆಗ ತಾನೇ ಹೊಳೆಯಿತು.

ಕಡೆಗೆ ಅವರು ತಂದುದು ಓಣಿಯಲ್ಲಿ ತಾಯಿಯನ್ನು ಕಳೆದುಕೊಂಡ ಎರಡು ನಾಡುಮರಿಗಳನ್ನು. ಒಂದು ಇನ್ನೊಂದಕ್ಕೆ ಹಗಲಿನ ಜೊತೆ. ಪಶುವೈದ್ಯರಲ್ಲಿ ಹುಚ್ಚುನಾಯಿ ರೋಗದ ಚುಚ್ಚುಮದ್ದಾಯಿತು. ವಯಸ್ಸು ಬಂದಾಗ ಸಂತಾನಹರಣ ಚಿಕಿತ್ಸೆಯೂ ಆಗಬೇಕು. ಬಾಲ್ಕನಿಗೆ ಬಲೆಯೂ ಬಂದಿತು. ಮಾರ್ಜಾರವೆಂಬ ಪದ ಶುಚಿಗೊಳಿಸುವುದೆಂಬ ಅರ್ಥದ ಧಾತುವಿನಿಂದ ಬಂದುದು. ಆ ಹೆಸರಿಗೆ ಚುಕ್ಕೆಯೂ ಬೇಡ, ಬೆಲೆಯೂ ಬೇಡ. ಸಂಜೆಯ ಅರ್ಧ ಗಂಟೆಯನ್ನು ಮಾತ್ರ ತಂಗಿಯ ಮಗಳು ಬಿಟ್ಟಿಲ್ಲ. ವಾರಕ್ಕೆ ಮೂರು ದಿನವಾದರೂ ತಪ್ಪದೆ ನಡೆಸುತ್ತಿದ್ದಾಳೆ.